ಡಾಲ್ಫಿನ್ನಿಗೆ ಒಯ್ದ ಉಡಿ

ನನ್ನ ಸೋದರತ್ತೆ ಹೊಳೆದಂಡೆಯ ಸತ್ತಿ ಎಂಬ ಊರಿನವಳು. ಕೃಷ್ಣೆ ತುಂಬಿ ಬಂದಾಗಲೆಲ್ಲ ದಂಡೆಗೆ ಹೋಗಿ ಹೊಳೆಗೆ ಉಡಿ ತುಂಬಿದವಳು. ಡಾಲ್ಫಿನ್ ಮೀನಲ್ಲ, ಹಡೆಯುತ್ತದೆ, ಮೊಲೆಯುಣಿಸುತ್ತದೆ ಎಂದು ಮೊಮ್ಮಗಳು ಮೊಬೈಲಿನಲ್ಲಿ ತೋರಿಸಿದ ದಿನವೇ ಆಕೆ ತೀರ್ಪು ಕೊಟ್ಟಳು:

"ಹಂಗಾದ್ರ ಆಕಿನೂ ಹೆಣ್ಣಮಗಳಾದ್ಲು. ಆಕಿಗಿ ಯಾರರ ಉಡಿ ತುಂಬ್ಯಾರನು?"

ತುಂಬಿದ ದಾಖಲೆ ನನ್ನ ಬಳಿ ಇರಲಿಲ್ಲ. ಹೀಗಾಗಿ ಈ ಚಳಿಗಾಲ ನಾನು, ಅತ್ತೆ ಮತ್ತು ಒಂದು ಉಡಿಗಂಟು ನಿಪ್ಪಾಣಿ ಮೇಲಿಂದ ಕೊಂಕಣಕ್ಕೆ ಹೊರಟೆವು. ಗಂಟಿನಲ್ಲಿ ಕುಬಸದ ಖಣ, ಹಸಿರು ಬಳೆ, ಅಕ್ಕಿ, ತೆಂಗಿನಕಾಯಿ. ತೆಂಗಿನ ಸೀಮೆಗೆ ತೆಂಗಿನಕಾಯಿ ಏಕೆ ಎಂದು ಆಕೆಯನ್ನು ಕೇಳುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ.

ಡಾಲ್ಫಿನ್ ತೋರಿಸುವ ಬಾಡಿಗೆ ದೋಣಿ ದಂಡೆ ಬಿಟ್ಟು ಸ್ವಲ್ಪ ದೂರ ಹೋಗುತ್ತಲೇ ನೀರಿನ ಮೇಲೆ ಒಂದು ದೊಡ್ಡ ಬೆನ್ನು ಕಂಡಿತು, ಅದರ ಮಗ್ಗುಲಲ್ಲೇ ಮರಿಯದು. ಕಂಡದ್ದೇ ತಡ, ಸುತ್ತಲಿದ್ದ ದೋಣಿಗಳೆಲ್ಲ ಗುಡುಗುತ್ತ ಅತ್ತ ನುಗ್ಗಿದವು. ತಾಯಿ ಮುಳುಗಿ ಇನ್ನೊಂದು ಕಡೆ ಎದ್ದರೆ ಅಲ್ಲಿಯೂ ಹಾಜರು. ನಾನೂ ಜವಾಬ್ದಾರಿಯುತ ನಾಗರಿಕನಂತೆ ಎದ್ದು ನಿಂತು "ಆ ಕಡೆ, ಆ ಕಡೆ" ಎಂದು ಕೈ ಮಾಡುತ್ತಿದ್ದೆ.

ಅತ್ತೆ ನನ್ನ ಅಂಗಿ ಜಗ್ಗಿ ಕೂಡಿಸಿದಳು.

"ಬಾಣಂತಿ ಖೋಲ್ಯಾಗ ಗಂಡಸರು ಹಿಂಗ ನುಗ್ಗತಾರನ ಲೇ?"

ನಮ್ಮಲ್ಲಿ ಬಾಣಂತಿಯ ಕೋಣೆಗೆ ಗಂಡಸರ ಗಡಿ ಹೊಸ್ತಿಲವರೆಗೆ ಮಾತ್ರ. ಇಂಜಿನ್ ಬಂದ್ ಮಾಡು ಎಂದು ಆಕೆ ದೋಣಿಯವನಿಗೆ ಮರಾಠಿಯಲ್ಲಿ ಹೇಳಿದಳು. ಅವರ ಮರಾಠಿಯನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಆಜಿ, ದೂರ ನಿಂತ್ರ ಕಾಣಂಗಿಲ್ರಿ. ಕಾಣಲಿಲ್ಲಂದ್ರ ಗಿರಾಕಿ ನನಗ ಬೈತಾರ."

"ಗಿರಾಕಿ ನಾನ ಅದೀನಿ. ಬೈಯಂಗಿಲ್ಲ."

ಇಂಜಿನ್ ನಿಂತಿತು. ಉಳಿದ ದೋಣಿಗಳು ಬೆನ್ನಟ್ಟಿ ದೂರವಾದವು. ಅತ್ತೆ ಗಂಟು ಬಿಚ್ಚಿ, ಉಡಿಯನ್ನು ನೀರಿಗೆ ಬಿಡಲು ಕೈ ಚಾಚಿದಳು. ಈಗ ತಡೆಯುವ ಸರದಿ ದೋಣಿಯವನದು.

"ಬ್ಯಾಡ್ರಿ ಆಜಿ. ಬಳಿ, ಬಟ್ಟಿ ಮರಿ ಬಾಯಾಗ ಹೋದ್ರ ಸಾಯತೈತಿ."

ಅತ್ತೆ ಚಾಚಿದ ಕೈ ಚಾಚಿದಂತೆಯೇ ಉಳಿಯಿತು. ಇಷ್ಟು ದೂರ ಬಂದದ್ದೇ ಆ ಉಡಿಗಾಗಿ. ನಾನು ಸಮುದ್ರಮಧ್ಯದ ಜಗಳವೊಂದಕ್ಕೆ ಸಿದ್ಧನಾದೆ. ಆದರೆ ಆಕೆ ಕೈ ಹಿಂದೆ ತೆಗೆದು ನಿಧಾನವಾಗಿ ಗಂಟು ಕಟ್ಟಿದಳು.

"ಖರೇ ಐತಿ. ಬಾಣಂತಿಗಿ ಪಥ್ಯ ಇರತೈತಿ."

ಅಷ್ಟರಲ್ಲಿ ಪಕ್ಕದಲ್ಲೇ ಫುಸ್ಸೆಂದು ಉಸಿರು ಬಿಟ್ಟ ಸದ್ದು, ಹಿಂದೆಯೇ ಸಣ್ಣದೊಂದು. ನಾನು ಕನ್ನಡಕ ಒರೆಸುತ್ತಿದ್ದೆ. ಏರಿಸಿಕೊಳ್ಳುವಷ್ಟರಲ್ಲಿ ನೀರಿನ ಉಂಗುರ ಮಾತ್ರ ಉಳಿದಿತ್ತು. ಅತ್ತೆ ನೋಡಿದಳು. ನೋಡಿ, ಕೈ ಮುಗಿದಳು.

ದಂಡೆಯಲ್ಲಿ ದೋಣಿಯವನ ಹೆಂಡತಿ ಬಲೆ ಬಿಡಿಸುತ್ತಿದ್ದಳು. ಅತ್ತೆ ಅವಳನ್ನು ಮಗುಚಿದ ದೋಣಿಯ ಮೇಲೆ ಕೂಡಿಸಿ, ಕುಂಕುಮ ಹಚ್ಚಿ, ಇಡೀ ಉಡಿಯನ್ನು ಅವಳ ಸೆರಗಿಗೆ ಸುರಿದಳು.

"ಇದು ಸಮುದ್ರದಾಗಿನ ಆ ಬಾಣಂತಿ ಉಡಿ, ನಿನಗ ಕೊಟ್ಟೀನಿ. ನಿನ್ನ ಗಂಡನ್ನ ಹೊಸ್ತಲದಾಚಿ ನಿಂದ್ರಸೂದು ಇನ್ನ ನಿನ್ನ ಕೆಲಸ."

ಅವಳು ಸೆರಗು ಬಿಗಿಹಿಡಿದು ಗಂಡನ ಕಡೆ ತಿರುಗಿದಳು. ಅವನು ಆಗಲೇ ಬಹಳ ಶ್ರದ್ಧೆಯಿಂದ ಸಮುದ್ರ ನೋಡುತ್ತಿದ್ದ.