ಹದಕ್ಕೆ ಬಾರದ ಬಾಳೆಗಂದು

ನಂಜನಗೂಡು, ತಿ. ನರಸೀಪುರ, ಈ ಎರಡೂ ತಾಲ್ಲೂಕುಗಳನ್ನು ಗೋಣಿಚೀಲದಂತೆ ತಲೆಕೆಳಗು ಮಾಡಿ ಕೊಡವಿದರೂ ಹೊತ್ತು ಅರಿತ ಮನುಷ್ಯ ಅಂತ ಉದುರುವವರು ಒಬ್ಬರೇ: ನಮ್ಮ ಪಕ್ಕದ ಮನೆಯ ಶಿವಸ್ವಾಮಿ ಮೇಷ್ಟ್ರು. ಇದನ್ನು ಯಾವ ಅರಳಿಕಟ್ಟೆಯ ಮೇಲೆ ಬೇಕಾದರೂ ಎದೆ ತಟ್ಟಿ ಹೇಳಬಲ್ಲವನಾಗಿದ್ದೆ, ಹೇಳಿಯೂ ಇದ್ದೇನೆ. ಬೆಳಿಗ್ಗೆ ಅವರ ಬಾಗಿಲಿನ ಚಿಲಕ ಸದ್ದಾದ ಮೇಲೆಯೇ ನಂಜನಗೂಡಿನ ನಮ್ಮ ಬೀದಿಯ ಹುಂಜಗಳು ಗಂಟಲು ಸರಿಮಾಡಿಕೊಳ್ಳುತ್ತಿದ್ದವು. ಒಮ್ಮೆ ಅವರು ಜ್ವರ ಬಂದು ಮಲಗಿದಾಗ ಸೂರ್ಯ ಕಪಿಲಾ ಹೊಳೆಯ ಆಚೆ ದಡದಲ್ಲಿ ನಿಂತು, ಹುಟ್ಟಲೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಹೆಂಡತಿ ನಂಬಲಿಲ್ಲ. ಅವತ್ತು ಅವಳೇ ತಡವಾಗಿ ಎದ್ದಿದ್ದಳು.

ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಹೊತ್ತಿಗೆ ಸರಿಯಾಗಿ ಬರುವುದು ಎಂಬ ಸಂಗತಿ ಲೋಕದಲ್ಲಿ ಇದೆಯೆಂದು ಕೇಳಿ ಮಾತ್ರ ಗೊತ್ತಿದ್ದವನು. ಅಂಥವನಿಗೆ ಇಂಥ ನೆರೆ ಸಿಕ್ಕಿದ್ದು ಪೂರ್ವಜನ್ಮದ ಪುಣ್ಯ ಅಂದುಕೊಂಡಿದ್ದೆ.

ಮೇಷ್ಟ್ರು ನರಸೀಪುರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದರು. ದಿನಾ ನನ್ನ ಬಸ್ಸಿನಲ್ಲೇ ಓಡಾಟ. ದಾರಿಯುದ್ದಕ್ಕೂ ಕಿಟಕಿಯಾಚೆಯ ಗಿಡಮರಗಳನ್ನು ಒಂದೊಂದಾಗಿ ಲ್ಯಾಟಿನ್ ಹೆಸರು ಹಿಡಿದು ಕರೆಯುವರು. ಪಾಪ, ಅವು ನಮ್ಮೂರ ಗಿಡಗಳು, ಯಾರನ್ನೋ ಕರೆಯುತ್ತಿದ್ದಾರೆಂದು ತಿರುಗಿಯೂ ನೋಡುತ್ತಿರಲಿಲ್ಲ. ಅವರ ಮಾತಿನ ಪ್ರಕಾರ, ಹೊತ್ತಿಗೆ ಮುಂಚೆ ಹೂ ಬಿಡುವ ಗಿಡಕ್ಕೆ ಪ್ರೀಕಾಕ್ಸ್ ಅಂತ ಹೆಸರಿಟ್ಟಿದ್ದಾರೆ. ಹೊತ್ತು ಮೀರಿ ಬಿಡುವುದಕ್ಕೆ ಸೆರೋಟಿನ ಅಂತ ಇಟ್ಟಿದ್ದಾರೆ. ಸರಿಯಾದ ಹೊತ್ತಿಗೆ ಬರುವುದಕ್ಕೂ ಲ್ಯಾಟಿನ್ನಿನಲ್ಲಿ ಒಂದು ಪದವಿದೆ, ಟೆಂಪೆಸ್ಟಿವಸ್. ಆದರೆ ಆ ಹೆಸರು ಹೊತ್ತ ಒಂದು ಗಿಡವೂ ಅವರಿಗೆ ಎಲ್ಲಿಯೂ ಸಿಕ್ಕಿರಲಿಲ್ಲ. ಭೂಮಿಯ ಮೇಲೆ ಹೊತ್ತಿಗೆ ಬರುವಂಥದ್ದು ಯಾವುದೂ ಇಲ್ಲವೇನೋ ಅಂದೆ. ನಿನ್ನ ಬಸ್ಸಂತೂ ಇಲ್ಲ ಅಂದರು.

ಮೈಸೂರಿನ ಹಳೆ ಪುಸ್ತಕದಂಗಡಿಯಿಂದ ಇಟ್ಟಿಗೆಯಷ್ಟು ದಪ್ಪದ ನಿಘಂಟೊಂದನ್ನು ತಂದು ಅವರು ಆ ಪದದ ಬೆನ್ನು ಬಿದ್ದರು. ಅದಕ್ಕೆ ಹಲವು ಅರ್ಥ. ಕಾಲಕ್ಕೆ ತಕ್ಕಂತೆ ಬಂದದ್ದು, ಅಂದರೆ ಸಕಾಲದ ಮಳೆ, ಸಕಾಲದ ಮಾತು. ಮಾಗಿ ಕೊಯ್ಲಿಗೆ ಹದವಾದ ಹಣ್ಣು. ಮದುವೆಯ ವಯಸ್ಸಿಗೆ ಬಂದ ಹೆಣ್ಣು. ಇನ್ನೊಂದು ಕಡೆಯ ಅರ್ಥ ಇತ್ತು. ರೋಮಿನ ಜನ, ಮರ್ಯಾದಸ್ಥರೆಲ್ಲ ಇನ್ನೂ ಕೆಲಸದಲ್ಲಿರುವಾಗ, ಹೊತ್ತು ಇಳಿಯುವ ಮುಂಚೆಯೇ ಎಲೆ ಹಾಸಿ ಕೂತುಬಿಡುವ ಭೋಜನಕೂಟಕ್ಕೂ ಅದೇ ಪದ ಬಳಸುತ್ತಿದ್ದರಂತೆ. ಈ ಅರ್ಥ ಮೇಷ್ಟ್ರಿಗೆ ಸೇರುತ್ತಿರಲಿಲ್ಲ. ಒಳ್ಳೆಯ ಪದವನ್ನು ಹೊಟ್ಟೆಬಾಕರು ಕೆಡಿಸಿದರು ಅನ್ನುವರು. ನನಗೆ ಮಾತ್ರ ಅದೇ ಹಿಡಿಸಿತು. ಅಂದಿನಿಂದ ರಜೆಯ ದಿನಗಳಲ್ಲಿ ಅವರ ಮನೆಯ ನಾಲ್ಕು ಗಂಟೆಯ ಕಾಫಿಗೆ ಮೂರಕ್ಕೇ ಹೋಗುತ್ತಿದ್ದೆ, ರೋಮಿನವರ ಪದ್ಧತಿ ಎಂದು ಹೇಳಿ.

ಹದ, ಹದ ಅನ್ನುವುದು ಅವರ ಜಪ. ಮದುವೆಯ ವಿಷಯದಲ್ಲೂ ಹಾಗೇ. ಹೆಣ್ಣು ತೋರಿಸಿದಾಗಲೆಲ್ಲ ಕಾಲ ಕೂಡಿಬರಲಿ ಅಂದರು. ಕಾಲ ಇವರಿಗಾಗಿ ನಿಲ್ಲದೆ ಹೋಯಿತು, ಮೇಷ್ಟ್ರು ಒಂಟಿಯಾಗಿ ಉಳಿದರು. ಅದರ ಬಗ್ಗೆ ಅವರು ಕೊರಗಿದ್ದನ್ನು ನಾನು ಕಂಡಿಲ್ಲ. ಅವರನ್ನು ಕೊರೆದದ್ದು ಬಾಳೆ.

ಅವರ ಹಿತ್ತಲಲ್ಲಿ ತಾಯಿ ನೆಟ್ಟ ರಸಬಾಳೆಯ ಒಂದು ಮೆಳೆ ಇತ್ತು. ಅದರ ಹಣ್ಣಿನ ಘಮಕ್ಕೆ ಬೆಂಗಳೂರಿಗೆ ಹೋಗುವ ರೈಲೇ ಮೂಗೆತ್ತಿಕೊಂಡು ನಿಧಾನ ಮಾಡುತ್ತಿತ್ತು. ಮೇಷ್ಟ್ರಿಗೆ ಒಬ್ಬಳೇ ತಂಗಿ, ರುದ್ರಾಣಿ. ನರಸೀಪುರದ ಕಡೆಯ ಹೆಮ್ಮಿಗೆಗೆ ಕೊಟ್ಟಿದ್ದರು. ಮದುವೆಯಾಗಿ ಹೋಗುವಾಗ ಆಕೆ ಅಣ್ಣನನ್ನು ಕೇಳಿದ್ದು ಒಡವೆಯಲ್ಲ, ಸೀರೆಯಲ್ಲ, ಅವ್ವನ ಬಾಳೆಯ ಒಂದು ಕಂದು. ಬುಡದಲ್ಲಿ ಒಡೆದ ಮರಿಯನ್ನು ಕಿತ್ತು ಕೊಟ್ಟರೆ ಆಯಿತು, ಗಂಡನ ಮನೆಯ ಹಿತ್ತಲಲ್ಲಿ ನೆಟ್ಟುಕೊಳ್ಳುತ್ತಿದ್ದಳು.

ಮೇಷ್ಟ್ರು ಬುಡದ ಹತ್ತಿರ ಬಗ್ಗಿ ನೋಡಿದರು. ಆ ಮರಿಗಳ ಎಲೆ ಅಗಲವಾಗಿತ್ತು. ಇವು ನೀರುಗಂದು, ಇವನ್ನು ನೆಟ್ಟರೆ ಗೊನೆ ಚೆನ್ನಾಗಿ ಬರುವುದಿಲ್ಲ, ಕತ್ತಿಯ ಅಲಗಿನಂತೆ ಎಲೆ ಸಣ್ಣಗಿರುವ ಕತ್ತಿಗಂದು ಬರಲಿ, ಕೊಡುತ್ತೇನೆ ಅಂದರು. ಮುಂದಿನ ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಳ್ಳಲು ತವರಿಗೆ ಬಂದಾಗ ಕತ್ತಿಗಂದು ಇತ್ತು, ಆದರೆ ಎಳಸು. ಅದರ ಮುಂದಿನ ಗೌರಿಗೆ ಬಲಿತಿತ್ತು, ಮಳೆ ಸಾಲದಾಗಿತ್ತು. ಆಮೇಲೊಂದು ಗೌರಿಗೆ ಕಂದೂ ಸರಿ, ಮಳೆಯೂ ಸರಿ. ಹೆಮ್ಮಿಗೆಯ ಮಣ್ಣು ಪರೀಕ್ಷೆ ಆಗಿರಲಿಲ್ಲ. ಕೊಡಬಾರದೆಂಬ ಬುದ್ಧಿ ಅವರಿಗೆ ಎಳ್ಳಷ್ಟೂ ಇರಲಿಲ್ಲ. ತಂಗಿಗೆ ಕೊಡುವುದು ಲೋಕದಲ್ಲೇ ಸರಿಯಾದ ಕಂದಾಗಿರಬೇಕು, ಸರಿಯಾದ ಗಳಿಗೆಯಾಗಿರಬೇಕು. ಕಂದಿನ ಕುತ್ತಿಗೆಗೆ ಕಟ್ಟಲು ಒಂದು ತಗಡಿನ ಮೇಲೆ ಆ ಪದವನ್ನೇ ಹೆಣ್ಣಾಗಿಸಿ ‘ಟೆಂಪೆಸ್ಟಿವಾ’ ಎಂದು ಬಣ್ಣದಲ್ಲಿ ಬರೆಸಿ, ಆ ದಿನ ಬರುವತನಕ ಇರಲೆಂದು ಮೆಳೆಯ ಪಕ್ಕದ ಗೂಟಕ್ಕೆ ನೇತುಹಾಕಿದ್ದರು. ರುದ್ರಾಣಿಗೆ ಮಗಳು ಹುಟ್ಟಿದಳು, ನಯನ ಅಂತ. ಆ ಮಗಳು ಕಾಲೇಜು ಮುಗಿಸಿದಳು. ಕಂದು ಮಾತ್ರ ಹದಕ್ಕೆ ಬರಲಿಲ್ಲ.

ಹಿಂದೆ ಒಂದು ಗೌರಿ ಹಬ್ಬ ನನಗೆ ಚೆನ್ನಾಗಿ ನೆನಪಿದೆ. ಊರಿಗೆ ಹೊರಟ ತಂಗಿಯ ಚೀಲವನ್ನು ಮೇಷ್ಟ್ರೇ ಹೊತ್ತು ನನ್ನ ಬಸ್ಸಿಗೆ ತಂದಿದ್ದರು. ಮೇಲೆ ಬಾಗಿನದ ಮೊರ, ಕೆಳಗೆ ಕಲ್ಲಿನಂಥ ಭಾರ. ಏನಮ್ಮಾ, ಒರಳುಕಲ್ಲು ಕಿತ್ತುಕೊಂಡು ಹೊರಟೆಯಾ ಎಂದು ಏದುಸಿರು ಬಿಟ್ಟರು. ರುದ್ರಾಣಿ ಬಸ್ಸು ಹೊರಡುವತನಕ ಬಾಯಿಯೇ ಬಿಡಲಿಲ್ಲ. ತವರು ಬಿಟ್ಟು ಹೋಗುವ ದುಃಖ ಅಂದುಕೊಂಡು ನಾನು ಚೀಲವನ್ನು ಸೀಟಿನ ಕೆಳಕ್ಕೆ ಕಾಲಲ್ಲಿ ತಳ್ಳಿದೆ. ಆಮೇಲಿನ ವರ್ಷಗಳಲ್ಲಿಯೂ ಆಕೆ ಪ್ರತಿ ಗೌರಿಗೆ ಕಂದು ಕೇಳುವುದನ್ನು ಬಿಡಲಿಲ್ಲ, ಇವರು ಹದ ನೋಡುವುದನ್ನೂ ಬಿಡಲಿಲ್ಲ.

ಮೇಷ್ಟ್ರು ನಿವೃತ್ತರಾದ ಮೇಲೆ ಮೆಳೆಗೆ ಸೊರಗು ರೋಗ ಬಂತು. ಕೆಳಗಿನ ಎಲೆ ಹಳದಿಯಾಗಿ ಜೋತುಬಿದ್ದವು, ಆಮೇಲೆ ಮೇಲಿನವು, ಆಮೇಲೆ ದಿಂಡು ಸೀಳಿತು. ಔಷಧಿ ಹೊಯ್ದರು, ಸುಣ್ಣ ಹಾಕಿದರು. ಮಣ್ಣಿಗೇ ಇಳಿದ ರೋಗ ಅದು. ಮರಿಗಳೂ ಉಳಿಯಲಿಲ್ಲ. ಮೇಷ್ಟ್ರು ಎರಡು ದಿನ ಊಟ ಮಾಡಲಿಲ್ಲ. ಒಣಗಿದ ಬುಡದ ಪಕ್ಕದಲ್ಲಿ, ಹೊತ್ತಿಗೆ ಸರಿಯಾಗಿ ಬಂದವಳು ಎಂಬ ತಗಡು ಮಾತ್ರ ಗಾಳಿಗೆ ಟಣಟಣ ಅನ್ನುತ್ತಿತ್ತು. ಅವತ್ತಿನಿಂದ ನಾನು ಕಟ್ಟೆಯ ಮೇಲೆ ಎದೆ ತಟ್ಟುವುದನ್ನು ಬಿಟ್ಟೆ.

ತಂಗಿಗೆ ಇದನ್ನು ಹೇಳುವ ಧೈರ್ಯ ಅವರಿಗೆ ಬರಲಿಲ್ಲ. ಮುಂದಿನ ಗೌರಿಗೆ ಆಕೆ ಬಂದಾಗ ಹಿತ್ತಲಲ್ಲಿ ನಾಗರಹಾವು ಸೇರಿಕೊಂಡಿದೆ, ಆ ಕಡೆ ಹೋಗಬೇಡ ಅಂದರು. ನನ್ನನ್ನೂ ಸಾಕ್ಷಿಗೆ ಕರೆದರು. ನಾನು ಹಾವಿನ ಉದ್ದವನ್ನು ಹೇಳುತ್ತಾ ಹೇಳುತ್ತಾ ಅದರ ಬಾಲವನ್ನು ಹುಲ್ಲಹಳ್ಳಿಯ ನಾಲೆಯವರೆಗೂ ತಲುಪಿಸಿದೆ. ರುದ್ರಾಣಿ ನಕ್ಕಳು, ಹಿತ್ತಲ ಬಾಗಿಲು ತೆಗೆಯಲಿಲ್ಲ. ಆ ವರ್ಷ ಕಂದನ್ನೂ ಕೇಳಲಿಲ್ಲ. ಮೇಷ್ಟ್ರಿಗೆ ಅದೇ ಹೆಚ್ಚು ಚುಚ್ಚಿತು.

ಈ ವರ್ಷ ರುದ್ರಾಣಿ ಬರುವ ಹಾಗಿರಲಿಲ್ಲ. ಮೂತ್ರಪಿಂಡ ಕೈಕೊಟ್ಟು, ವಾರಕ್ಕೆರಡು ಸಲ ನಯನ ಆಕೆಯನ್ನು ಮೈಸೂರಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದಳು. ತಂಗಿ ಬರಲಾರದಿದ್ದರೆ ಬಾಗಿನವನ್ನು ಅಣ್ಣನೇ ಒಯ್ಯಬೇಕು. ಮೇಷ್ಟ್ರು ನನ್ನನ್ನು ಜೊತೆಗೆ ಎಬ್ಬಿಸಿಕೊಂಡು ಹೊರಟರು. ಬಸ್ಸಿನಲ್ಲಿ ಒಂದು ಗಿಡವನ್ನೂ ಹೆಸರು ಹಿಡಿದು ಕರೆಯಲಿಲ್ಲ. ಮೆಳೆ ಹೋದ ವಿಷಯವನ್ನು ಇವತ್ತು ಹೇಳಿಬಿಡುತ್ತೇನೆ ಎಂದರು. ನರಸೀಪುರದಲ್ಲಿ ಬಸ್ಸು ಬದಲಿಸುವಾಗ, ಆಕೆಗೆ ಸ್ವಲ್ಪ ಸುಧಾರಿಸಲಿ, ಆಮೇಲೆ ಹೇಳಿದರಾಯಿತೇನೋ ಎಂದರು.

ಹೆಮ್ಮಿಗೆಯ ಆ ಮನೆಗೆ ಮೇಷ್ಟ್ರು ಹಿಂದೆಯೂ ಆಗೊಮ್ಮೆ ಈಗೊಮ್ಮೆ ಹೋಗಿದ್ದರು. ಹೋದಾಗಲೆಲ್ಲ ರುದ್ರಾಣಿ ಕಾಲು ತೊಳೆಯಲು ನೀರನ್ನು ಮುಂದಿನ ಜಗಲಿಗೇ ತಂದುಕೊಡುತ್ತಿದ್ದಳಂತೆ. ಹಿತ್ತಲಲ್ಲಿ ಚರಂಡಿ ಕಟ್ಟಿದೆ, ಇಲ್ಲವೇ ನಾಯಿ ಕಚ್ಚುತ್ತದೆ ಎಂದು ಏನಾದರೊಂದು ನೆಪ. ಈ ಸಲ ಆಕೆ ಮಂಚ ಬಿಟ್ಟು ಏಳುವಂತಿರಲಿಲ್ಲ. ನಯನ ಅಂಗಡಿಗೆ ಹೋಗಿದ್ದಳು. ಮೇಷ್ಟ್ರು ತಾವೇ ನೀರು ಹುಡುಕಿಕೊಂಡು ಹಿತ್ತಲ ಬಾಗಿಲು ತೆಗೆದರು.

ಬಹಳ ಹೊತ್ತಾದರೂ ಬರಲಿಲ್ಲವೆಂದು ನಾನು ಹೋಗಿ ನೋಡಿದೆ. ಮೇಷ್ಟ್ರು ಖಾಲಿ ಚೆಂಬು ಹಿಡಿದು ನಿಂತಿದ್ದರು. ಎದುರಿಗೆ ರಸಬಾಳೆಯ ಮೆಳೆ. ಗುಂಪು ಗುಂಪಾಗಿ, ಆರೋಗ್ಯವಾಗಿ, ಮೈತುಂಬಿಕೊಂಡು. ಸೂರಿನ ಕೆಳಗೆ ಒಂದು ಗೊನೆ ಹಣ್ಣಾಗಿ ತೂಗುತ್ತಿತ್ತು. ಆ ಘಮ ಗೊತ್ತಾಗದಿರಲು ಮೂಗು ಕಳೆದುಕೊಂಡಿರಬೇಕು.

ಒಳಗೆ ಬಂದು ಮಂಚದ ತುದಿಯಲ್ಲಿ ಕೂತರು. ರುದ್ರಾಣಿ ಗೋಡೆಯ ಕಡೆ ಮುಖ ಮಾಡಿದ್ದಳು.

“ನೀನು ಬೈಯೋದಾದ್ರೆ ಬೈದುಬಿಡಣ್ಣ. ಆವತ್ತು ನೀನು ಮದ್ಯಾನ ಮಲಗಿದ್ದೆ. ಕುಡುಗೋಲಲ್ಲಿ ಕಿತ್ತು ಮೊರದ ಕೆಳಗಿಟ್ಕೊಂಡೆ. ನೀರುಗಂದೇ ಸಿಕ್ಕಿದ್ದು.”

“ಆ ಚೀಲಾನ ನಾನೇ ಹೊತ್ತಿದ್ನಲ್ಲೇ.”

“ಹೊತ್ತೆ. ಕೊಟ್ಟಿರ್ನಿಲ್ವಲ್ಲ.”

ಉಳಿದದ್ದನ್ನು ಅಷ್ಟರಲ್ಲಿ ಬಂದ ನಯನ ಹೇಳಿದಳು. ತವರಿನಿಂದ ಹೇಳದೆ ತಂದದ್ದು ಬಾಯಿಗಿಟ್ಟರೆ ದಕ್ಕದು ಎಂದು ಅವಳಮ್ಮ ಇಷ್ಟು ವರ್ಷ ಆ ಹಣ್ಣನ್ನು ಒಂದೂ ತಿಂದಿರಲಿಲ್ಲ. ಪ್ರತಿ ಗೊನೆಯನ್ನೂ ಮಠಕ್ಕೆ ಕೊಟ್ಟುಬಿಡುತ್ತಿದ್ದಳು. ಅಣ್ಣ ಒಂದು ಕಂದು ತನ್ನ ಕೈಯಾರೆ ಕೊಡಲಿ, ಅದನ್ನು ಪಕ್ಕದಲ್ಲಿ ನೆಟ್ಟು ಆಮೇಲೆ ತಿನ್ನುತ್ತೇನೆ ಎಂದು ಹಟ. ಅದಕ್ಕೇ ಪ್ರತಿ ಗೌರಿಗೂ ಕೇಳುತ್ತಿದ್ದದ್ದು. ಹೋದ ವರ್ಷ ತವರಿನ ಹಿತ್ತಲ ಗೋಡೆಯ ಮೇಲೆ ಒಂದು ಬಾಳೆಯೆಲೆಯೂ ಕಾಣದ್ದನ್ನು ನೋಡಿ ಆಕೆಗೆ ಅರ್ಥವಾಗಿತ್ತು. ಕೇಳಿದರೆ ಅಣ್ಣ ಏನು ಹೇಳಿಯಾನು ಎಂದು ಸುಮ್ಮನಾಗಿದ್ದಳು. ನನ್ನ ಹಾವನ್ನು ಆಕೆ ಒಂದು ಗಳಿಗೆಯೂ ನಂಬಿರಲಿಲ್ಲ.

ಮೇಷ್ಟ್ರು ಎದ್ದು ಹೋಗಿ ಗೊನೆಯಿಂದ ಒಂದು ಹಣ್ಣು ಕಿತ್ತು ತಂದರು. ಬಾಗಿನದ ಮೊರದಲ್ಲಿಟ್ಟು, ಮೊರವನ್ನು ಎರಡೂ ಕೈಯಲ್ಲಿ ತಂಗಿಯ ಮುಂದೆ ಹಿಡಿದರು.

“ಇದು ನಾನು ಕೊಡ್ತಿರೋದು, ರುದ್ರಾ. ತಿನ್ನವ್ವ.”

ಆಕೆ ತೆಗೆದುಕೊಂಡಳು, ಕಣ್ಣಿಗೊತ್ತಿಕೊಂಡಳು, ಮೂಸಿದಳು. ಮಗಳ ಮುಖ ನೋಡಿದಳು. ನಯನ ತಲೆಯಾಡಿಸಿದಳು, ಬೇಡ ಅಂತ. ಈ ಕಾಯಿಲೆಗೆ ಬಾಳೆಹಣ್ಣು ವಿಷವಂತೆ, ಅದರಲ್ಲಿರುವ ಪೊಟ್ಯಾಸಿಯಮ್ ರಕ್ತದಲ್ಲಿ ನಿಂತು ಗುಂಡಿಗೆಯನ್ನೇ ನಿಲ್ಲಿಸೀತು ಎಂದು ಡಾಕ್ಟರು ಹೆದರಿಸಿದ್ದರು. ಬಾಳೆಯಲ್ಲಿ ಏನೇನಿದೆ ಎಂದು ಜೀವಮಾನವೆಲ್ಲ ಮಕ್ಕಳಿಗೆ ಬರೆಸಿದ ಮೇಷ್ಟ್ರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಆದರೂ ಕೇಳಿದರು, ಒಂದು ಚೂರು? ಒಂದು ಚೂರೂ ಬೇಡ ಮಾವ, ಅಂದಳು ನಯನ.

ರುದ್ರಾಣಿ ಹಣ್ಣನ್ನು ಅಣ್ಣನ ಕೈಗಿಟ್ಟಳು.

“ಕೊಟ್ಟೆಯಲ್ಲ, ಅಷ್ಟು ಸಾಕು. ನೀನೇ ತಿನ್ನು. ನಾನು ನೋಡ್ತೀನಿ.”

ಮೇಷ್ಟ್ರು ಸಿಪ್ಪೆ ಸುಲಿದು ತಿಂದರು. ಅಷ್ಟು ಸಣ್ಣ ಹಣ್ಣನ್ನು ತಿನ್ನಲು ಅಷ್ಟು ಹೊತ್ತು ತೆಗೆದುಕೊಂಡವರನ್ನು ನಾನು ಕಂಡಿಲ್ಲ. ರುದ್ರಾಣಿ ಅವರ ಬಾಯನ್ನೇ ನೋಡುತ್ತಿದ್ದಳು, ರುಚಿ ಅಲ್ಲಿಂದ ತನಗೂ ಬಂದೀತೇನೋ ಎಂಬಂತೆ. ನಾನು ಹುಟ್ಟಿದಾಗಿನಿಂದ ಸುಳ್ಳನ್ನೇ ನಂಬಿಕೊಂಡು ಬಂದವನು, ಆ ಕ್ಷಣಕ್ಕೆ ಒಂದೂ ಹೊಳೆಯಲಿಲ್ಲ.

ಹೊರಡುವ ಹೊತ್ತಿಗೆ ರುದ್ರಾಣಿ ಹೇಳಿದಳು, ಅವ್ವನ ಬಾಳೆ ತವರಲ್ಲಿ ಇಲ್ಲದಿರುವುದು ಚೆಂದವಲ್ಲ, ಒಂದು ಕಂದು ಒಯ್ಯಿ ಅಂತ. ನಾವು ಹಿತ್ತಲಿಗೆ ಹೋದೆವು. ಹೊತ್ತು ಮುಳುಗುತ್ತಿತ್ತು, ಕಡೆಯ ಬಸ್ಸಿಗೆ ಸಮಯವಾಗಿತ್ತು. ಬುಡದಲ್ಲಿದ್ದ ಮರಿಯ ಎಲೆ ನನ್ನ ಅಂಗೈಗಿಂತ ಅಗಲ. ಮನಸ್ಸು ಭಾರವಾದಾಗ ನನಗೆ ನಾಲಿಗೆ ತುರಿಸುತ್ತದೆ. ಅಲ್ಲ ಮೇಷ್ಟ್ರೇ, ಇದು ನೀರುಗಂದು, ನಿಮ್ಮ ಹಿತ್ತಲ ಮಣ್ಣಿನಲ್ಲಿ ಇನ್ನೂ ರೋಗವಿದೆ, ಕತ್ತಿಗಂದು ಬರುವತನಕ ತಡೆದು, ಹದ ನೋಡಿಕೊಂಡು ಇನ್ನೊಮ್ಮೆ ಬಂದರಾಗದೇ ಅಂದೆ.

ಮೇಷ್ಟ್ರು ಪಂಚೆ ಎತ್ತಿ ಕಟ್ಟಿದರು.

“ಆ ಮಾತಾಡೋಕೆ ಎರಡು ತಾಲ್ಲೂಕಿಗೆ ನಾನೊಬ್ಬ ಸಾಕಾಗಿದ್ದೆ ಕಣಯ್ಯ. ನೀನು ಒಳಗೋಗಿ ಹಾರೆ ಇಸ್ಕೊಂಡು ಬಾ. ನೆಡೋದು ನಿನ್ನ ಹಿತ್ತಲಲ್ಲಿ.”