ಐತಾಳರ ಮೂಗಿಗೆ ಬಡಿದ ಫ್ಲೂ

ಮುಂಬಯಿಯ ಸಯನ್ ಸ್ಟೇಷನ್ನಿನ ಹತ್ತಿರ ಕೊರಗಪ್ಪ ಶೆಟ್ಟರ ಹೊಟೇಲಿನಲ್ಲಿ ಹದಿನೆಂಟು ವರ್ಷ ಸಾಂಬಾರು ಕುದಿಸಿದವರು ಸೀತಾರಾಮ ಐತಾಳರು. ಕೋಟದ ಕಡೆಯವರು. ಕುಳ್ಳು ದೇಹ, ಮೂಗು ಮಾತ್ರ ಇಬ್ಬರಿಗಾಗುವಷ್ಟು. ದೇವರ ಪಟದ ಮುಂದೆ ಮೊದಲ ಸೌಟು ಇಡುವ ಮುನ್ನ ರುಚಿ ನೋಡಿದರೆ ಅಡುಗೆ ಎಂಜಲಾಗುತ್ತದೆ ಎನ್ನುವವರು. ಹಾಗಾಗಿ ಉಪ್ಪು, ಹುಳಿ, ಖಾರವೆಲ್ಲ ಹಬೆಯಲ್ಲೇ ಗೊತ್ತಾಗಬೇಕು. ಗೊತ್ತಾಗುತ್ತಲೂ ಇತ್ತು. ಆ ಜಂಬವನ್ನು ನಾವು ಗಿರಾಕಿಗಳು ದಿನಾ ಇಡ್ಲಿಯ ಜೊತೆ ನುಂಗುತ್ತಿದ್ದೆವು.

ಐವತ್ತೇಳರ ಜೂನಿನಲ್ಲಿ ಮುಂಬಯಿಗೆ ಹೊಸ ಫ್ಲೂ ಬಂತು. ಶೆಟ್ಟರು ಮಲಗಿದರು, ಐತಾಳರೂ ಮಲಗಿದರು. ಐತಾಳರ ಜ್ವರ ಐದು ದಿನಕ್ಕೆ ಬಿಟ್ಟಿತು. ಆದರೆ ಒಲೆಯ ಮುಂದೆ ನಿಂತರೆ ಕಾಲು ನಡುಗುತ್ತಿತ್ತು, ಯಾರು ಮಾತಾಡಿಸಿದರೂ ಸಿಟ್ಟು ಬರುತ್ತಿತ್ತು, ಕಾಫಿ ನಾಲಿಗೆಗೆ ಬರೀ ಬಿಸಿನೀರಾಗಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಒಗ್ಗರಣೆಯ ಚಟಪಟ ಕೇಳುತ್ತಿತ್ತು, ಇಂಗಿನ ವಾಸನೆ ಬರುತ್ತಿರಲಿಲ್ಲ. ಐತಾಳರು ಹೆದರಿಹೋದರು. ಮೂಗಿಲ್ಲದ ಅಡುಗೆ ಭಟ್ಟನನ್ನು ಯಾರು ಇಟ್ಟುಕೊಳ್ಳುತ್ತಾರೆ? ಬಾಯಿ ಮುಚ್ಚಿಕೊಂಡು ಕೈಯಂದಾಜಿನಲ್ಲೇ ಉಪ್ಪು ಹಾಕತೊಡಗಿದರು. ಗಿರಾಕಿಗಳು ಅರ್ಧಕ್ಕರ್ಧ ಮಲಗಿದ್ದರಿಂದ ಪಾತ್ರೆ ಚಿಕ್ಕದಾಗಿತ್ತು, ಕೈ ಮಾತ್ರ ಹಳೆಯ ಅಳತೆಯಲ್ಲೇ ಓಡುತ್ತಿತ್ತು.

ಅಂದಾಜು ಸರಿಯೇ ಎಂದು ತಿಳಿಯಲು ಈರಣ್ಣನಿದ್ದ. ಧಾರವಾಡದವ, ರೈಲ್ವೆ ಗುಮಾಸ್ತ, ಬೆಳಿಗ್ಗೆಯ ಮೊದಲ ಗಿರಾಕಿ. ತಪ್ಪು ಹುಡುಕದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ಐತಾಳರು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನ ಮುಖ ನೋಡುವರು. ಈರಣ್ಣ ಎರಡು ಬಟ್ಟಲು ಸುರಿದುಕೊಂಡು, “ಭಾರಿ ಆಗೇತ್ರಿ ಐತಾಳರ!” ಎನ್ನುವನು. ಹತ್ತು ದಿನ ಹೀಗೇ ನಡೆಯಿತು. ಉಳಿದವರು, ನಾನೂ ಸೇರಿ, ಜ್ವರದಿಂದ ಎದ್ದ ಬಾಯಿ, ರುಚಿ ಕೆಟ್ಟಿದೆ ಎಂದು ನಮ್ಮ ನಾಲಿಗೆಯನ್ನೇ ಬೈದುಕೊಂಡು ನೀರು ಕುಡಿದು ಹೋಗುತ್ತಿದ್ದೆವು.

ಹನ್ನೊಂದನೆಯ ದಿನ ಶೆಟ್ಟರು ಗಂಜಿ ಬಿಟ್ಟು ಮಹಡಿಯ ಮನೆಯಿಂದ ಕೆಳಗಿಳಿದು ಬಂದರು. ಸಾಂಬಾರಿನಲ್ಲಿ ಇಡ್ಲಿ ಅದ್ದಿ ಬಾಯಿಗಿಟ್ಟವರು ಬಚ್ಚಲಿಗೆ ಓಡಿದರು.

“ಇದೆಂತದು ಮಾರಾಯ್ರೆ! ಉಪ್ಪಿಗೆ ಸಾಂಬಾರು ಹಾಕಿದ್ದಾ?”

ಈರಣ್ಣ ಎದ್ದು ನಿಂತ. “ಏನಾಗೇತ್ರಿ ಅದಕ್ಕ? ಛಲೋನ ಐತಲ್ಲ!”

ಶೆಟ್ಟರು ಅವನನ್ನೇ ದಿಟ್ಟಿಸಿದರು. “ನಿಜ ಹೇಳಿ, ನಿಮಗೆ ರುಚಿ ಗೊತ್ತಾಗ್ತದಾ?”

ಈರಣ್ಣನ ಮುಖ ಬಾಡಿತು. “ಇಲ್ರಿ. ಜ್ವರ ಬಂದಾಗಿಂದ ಎಲ್ಲಾ ಸಪ್ಪಗ. ದಿನಾ ತಪ್ಪ ಹುಡುಕಾಂವ ನಾನು, ಅದನ್ನ ಹ್ಯಾಂಗ ಹೇಳ್ಲಿ?”

ತಾವು ನಂಬಿದ್ದು ಎಂಥ ನಾಲಿಗೆಯನ್ನು ಎಂದು ಐತಾಳರಿಗೆ ಆಗ ತಿಳಿಯಿತು. ಸೌಟು ಹಿಡಿದುಕೊಂಡೇ ಹೊರಗೆ ಬಂದರು. “ನಂಗೂ ಎಂತದೂ ವಾಸ್ನಿ ಬತ್ತಿಲ್ಲೆ ಶೆಟ್ರೆ. ಮೂಗೇ ಸತ್ತ್ ಹೋಯ್ತ್. ನಾನ್ ಊರಿಗೆ ಹೋತೆ,” ಎಂದು ಎಲ್ಲರೆದುರೇ ಅತ್ತುಬಿಟ್ಟರು. ನಗಲು ತೆರೆದ ಬಾಯಿಗೆ ನಾವು ಇಡ್ಲಿ ತುರುಕಿಕೊಂಡೆವು.

“ಊರಿಗೆ ಹೋಗಿ ಎಂತ ಮಾಡ್ತೀರಿ?” ಎಂದರು ಶೆಟ್ಟರು. “ಮೂಗು ಸರಿಯಾಗುವವರೆಗೆ, ದೇವರಿಗಿಟ್ಟ ಮೇಲೆ ನಾನು ರುಚಿ ನೋಡ್ತೇನೆ.”

ಅಂದಿನಿಂದ ಶೆಟ್ಟರು ಒಲೆಯ ಪಕ್ಕ ನಿಂತು, ಚಮಚ ನೆಕ್ಕಿ, ಉಪ್ಪಿಗೆ ಅಪ್ಪಣೆ ಕೊಡುತ್ತಿದ್ದರು. ಐತಾಳರು ತಲೆ ತಗ್ಗಿಸಿ ಕೇಳುತ್ತಿದ್ದರು. ನೋಡಲು ನನಗೆ ಸಂಕಟವಾಗುತ್ತಿತ್ತು.

ಐದನೆಯ ವಾರ ಒಂದು ಬೆಳಿಗ್ಗೆ ಒಳಗಿಂದ ಐತಾಳರ ಕೂಗು ಕೇಳಿ ಎಲ್ಲರೂ ಬೆಚ್ಚಿದೆವು. “ಹೊರಗ್ ಹೋಯ್ನಿ ಶೆಟ್ರೆ! ಎಂತಾ ಬೆವರಿನ ನಾತ ನಿಮ್ಮ್ ಅಂಗಿ! ಅಡ್ಗಿಮನಿಗೆ ಕಾಲಿಡೂಕಾಗ!”

ಶೆಟ್ಟರು ಓಡಿಬಂದು ಗಲ್ಲಾದಲ್ಲಿ ಕುಳಿತರು. ತಮ್ಮ ಕಂಕುಳನ್ನು ತಾವೇ ಒಮ್ಮೆ ಮೂಸಿ ನೋಡಿ, ಬಾಯಿ ತುಂಬ ನಕ್ಕರು. ಅಡುಗೆಯವನಿಂದ ಬೈಸಿಕೊಂಡು ಅಷ್ಟು ಖುಷಿಪಟ್ಟ ಇನ್ನೊಬ್ಬ ಯಜಮಾನನನ್ನು ನಾನು ಕಂಡಿಲ್ಲ.