ಇರುವೆಗಳ ಕಾವಲು

ಮಾಕಳಿದುರ್ಗ ಬೆಟ್ಟದ ಬುಡದ ಹುಲ್ಲುಗಾವಲಿನಲ್ಲಿ ಕ್ಯಾಮೆರಾ ಹಿಡಿದು ಮೊಣಕಾಲೂರಿ ಕೂತಿದ್ದೆ. ಉಗುರಿನಷ್ಟೇ ಅಗಲದ ಚಿಟ್ಟೆಯೊಂದು ರೆಕ್ಕೆ ಮಡಚಿದಾಗ ಹಿಂಬದಿಯ ಅಂಚಿನಲ್ಲಿ ಕಿತ್ತಳೆ ಪಟ್ಟಿ, ಅದರೊಳಗೆ ಹೊಳೆಯುವ ಕಪ್ಪು ಚುಕ್ಕೆಗಳು ಕಂಡವು. ನಮ್ಮಲ್ಲಿನ ಅತಿ ಚಿಕ್ಕ ಚಿಟ್ಟೆಗಳಲ್ಲೊಂದಾದ ಗ್ರಾಸ್ ಜುವೆಲ್ ಎಂದು ಖಚಿತವಾಯಿತು. ಅದು ಮೊಟ್ಟೆಯಿಡುತ್ತಿದ್ದ, ನೆಲಕ್ಕೆ ಹಬ್ಬಿದ ಗಿಡದಲ್ಲೇ ಅದೇ ಜಾತಿಯ ಹಸಿರು ಮರಿಹುಳುವೂ ಸಿಕ್ಕಿತು. ಹುಳುವಿನ ಮೈಮೇಲೆ ಇರುವೆಗಳು ಓಡಾಡುತ್ತಿದ್ದವು.

ದೊಡ್ಡಬಳ್ಳಾಪುರದಿಂದ ನನ್ನನ್ನು ಬೈಕಿನಲ್ಲಿ ಕರೆತಂದಿದ್ದ ಬಟ್ಟೆ ಅಂಗಡಿಯ ರಫೀಕ್ ಬಗ್ಗಿ ನೋಡಿದರು. “ಏನ್ ಸಾರ್, ಜೀವಂತ ತಿಂತಾ ಇದಾವೆ, ನೀವು ಫೋಟೋ ಹೊಡ್ಕೊಂಡು ಕೂತಿದೀರಾ!” ನಾನು ತಡೆಯುವಷ್ಟರಲ್ಲಿ ಬಾಟಲಿಯ ನೀರು ಸುರಿದು ಇರುವೆಗಳನ್ನೆಲ್ಲ ತೊಳೆದುಬಿಟ್ಟರು.

ಹುಳುವಿನ ಬೆನ್ನಿನಿಂದ ಸಿಹಿ ಹನಿ ಒಸರುತ್ತದೆ, ಅದಕ್ಕಾಗಿ ಇರುವೆಗಳು ಹುಳುವನ್ನು ಶತ್ರುಗಳಿಂದ ಕಾಯುತ್ತವೆ ಎಂದೆ. ಅವರು ನಕ್ಕರು. “ನಮ್ಮನೆ ಸಕ್ಕರೆ ಡಬ್ಬಾನೂ ಹಂಗೇ ಕಾಯ್ತಾವೆ ಸಾರ್!”

ಸ್ವಲ್ಪ ಹೊತ್ತಿಗೆ ಸೊಳ್ಳೆಗಿಂತ ಸಣ್ಣ ಕಣಜವೊಂದು ಹುಳುವಿನ ಮೇಲೆ ಕೂತು, ಹೊಟ್ಟೆ ಬಾಗಿಸಿ ಚುಚ್ಚಿ, ಹಾರಿಹೋಯಿತು.

“ಏನ್ ಮಾಡ್ತು ಅದು?” ರಫೀಕ್ ಕೇಳಿದರು.

“ಒಳಗೆ ಮೊಟ್ಟೆ ಇಡ್ತು. ಅದರ ಮರಿ ಇದನ್ನ ಒಳಗಿಂದ ತಿಂದು ಹೊರಗೆ ಬರುತ್ತೆ. ಇದು ಇನ್ನು ಕೋಶ ಕಟ್ಟಿ ಚಿಟ್ಟೆಯಾಗಲ್ಲ.”

ಅವರ ನಗು ನಿಂತಿತು. ಒದ್ದೆ ಮಣ್ಣಿನಲ್ಲಿ ಒದ್ದಾಡುತ್ತಿದ್ದ ಇರುವೆಯೊಂದನ್ನು ಹುಲ್ಲುಕಡ್ಡಿಗೆ ಹತ್ತಿಸಿ ಹುಳುವಿನ ಬಳಿ ಹಿಡಿದರು. “ಹೋಗಮ್ಮಾ, ಹೋಗು.” ಇರುವೆ ತಿರುಗಿ ಅವರ ಬೆರಳಿಗೇ ಬಂತು. ಮತ್ತೆ ಹಿಡಿದರು. ಹುಳು ತಲೆ ಹೊರಚಾಚಿ, ಅರ್ಧಕ್ಕೆ ಬಿಟ್ಟಿದ್ದ ಎಲೆಯನ್ನು ಮತ್ತೆ ಮೇಯತೊಡಗಿತು.